ಹುಲುಸು ಎಂಬ ಬೈಗುಳ

ಮದ್ದೂರು ಸೀಮೆ
ಫೆಬ್ರವರಿ ೩೦, ೨೧೯೬

ಹಿಂದಿನ ಕಾಲದ ನಿಮಗೆಲ್ಲ ಕೆಂಪಾಜಮ್ಮನ ನಮಸ್ಕಾರ. ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ, ನಮ್ಮಲ್ಲಿ ಬಂದಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಬೆಳೆ ಹುಲುಸಾಗಿದೆ ಎಂದು ಹೊಗಳುತ್ತೀರಂತೆ. ನಮ್ಮಲ್ಲಿ 'ಹುಲುಸು' ಎಂದರೆ ನೋಡಲು ದಪ್ಪ, ಒಳಗೆ ಪೊಳ್ಳು. ಯಾರಿಗಾದರೂ ಹಾಗಂದರೆ ಜಗಳವೇ ಆಗುತ್ತದೆ.

ಕಾರಣ ಹೇಳುತ್ತೇನೆ. ನಿಮ್ಮ ಹೊಗೆಯಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿತಲ್ಲ, ಅದನ್ನು ನಾವು ಗಾಳಿಮೇವು ಎನ್ನುತ್ತೇವೆ. ಗಿಡಗಳು ಅದನ್ನು ಮೇಯ್ದೇ ಬೆಳೆಯುತ್ತವೆ. ಭತ್ತಕ್ಕಂತೂ ಹಬ್ಬ, ಪೈರು ನನ್ನ ಎದೆಮಟ್ಟ ನಿಲ್ಲುತ್ತದೆ. ರಾಗಿ ಮಾತ್ರ ಆ ಮೇವಿಗೆ ಮರುಳಾಗದೆ ಮೊದಲಿದ್ದಷ್ಟೇ ಬೆಳೆಯಿತು. ಹಿರಿಯರು ಅದನ್ನು ಬಿಟ್ಟು ಎಲ್ಲೆಲ್ಲೂ ಭತ್ತ ಹಾಕಿದರು. ಅಕ್ಕಿ ಹೆಚ್ಚಿತು, ಅದರೊಳಗಿನ ಕಬ್ಬಿಣ, ಸತು, ಪ್ರೋಟೀನು ಕಡಿಮೆಯಾದವು. ತಟ್ಟೆ ತುಂಬ ಅನ್ನ, ಮೈಯಲ್ಲಿ ಕಸುವಿಲ್ಲ.

ನನ್ನ ಮೊಮ್ಮಗಳು ಹೊಂಬಾಳೆಗೆ ತಮಟೆಯ ಹುಚ್ಚು. ನಾಲ್ಕು ಪೆಟ್ಟು ಹಾಕುವಷ್ಟರಲ್ಲಿ ಏದುಸಿರು ಬಿಡುತ್ತ, ತುಟಿ ಬಿಳಿಚಿ ಕೂತುಬಿಡುತ್ತಿದ್ದಳು. ರಕ್ತದಲ್ಲಿ ಕಬ್ಬಿಣವಿಲ್ಲ ಎಂದು ಡಾಕ್ಟರು ಗುಳಿಗೆ ಕೊಟ್ಟರೆ ವಾಂತಿ.

ಮೂರು ವರ್ಷದ ಹಿಂದೆ, ಪಕ್ಕದ ಗದ್ದೆಯ ಸಣ್ಣೇಗೌಡನ ಬದುವಿನ ಮೇಲೆ ಒಂದು ಸಾಲು ಹುಲ್ಲು ಕಂಡೆ. ಉಪಕಾರ ಮಾಡೋಣವೆಂದು ಸೆರಗು ಕಟ್ಟಿ ಕೀಳತೊಡಗಿದೆ. ಅರ್ಧ ಸಾಲು ಮುಗಿದಿತ್ತು, ಅವನು ಓಡಿ ಬಂದ.

"ಅಯ್ಯಯ್ಯೋ, ಬುಡು ದೊಡ್ಡವ್ವ! ಅದು ಕಳೆ ಅಲ್ಲ ಕಣವ್ವ, ರಾಗಿ! ನಮ್ಮೋರು ಅದ್ಯಾವ್ ಕಾಲ್ದಿಂದ್ಲೋ ವರ್ಸಕ್ಕೊಂದು ಸಾಲು ತಪ್ಪುಸ್ದಂಗೆ ಆಕ್ಕೊಂಡು ಬಂದವ್ರೆ. ಯಾಕೆ ಅಂತ ನಂಗೂ ಗೊತ್ತಿಲ್ಲ!"

ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ರಾಗಿಯನ್ನೇ ಕಳೆ ಎಂದು ಕಿತ್ತೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಉಳಿದ ಅರ್ಧ ಸಾಲೇ ಬೀಜವಾಯಿತು. ಗಾಳಿಮೇವಿಗೆ ಮರುಳಾಗದ ರಾಗಿಯ ಕಾಳಿನಲ್ಲಿ ಕಬ್ಬಿಣವೂ ಮೊದಲಿದ್ದಷ್ಟೇ ಉಳಿದಿತ್ತು. ಈಗ ನಮ್ಮೂರಲ್ಲಿ ಹತ್ತು ಹೊಲ ರಾಗಿಯಿದೆ. ಹೊಂಬಾಳೆ ಮೊದಲ ದಿನ ಮುದ್ದೆಯನ್ನು ನುಂಗುವ ಬದಲು ಅಗಿಯಲು ಹೋಗಿ, ಹಲ್ಲಿಗೆಲ್ಲ ಮೆತ್ತಿಕೊಂಡು ಮನೆಮಂದಿಯನ್ನು ನಗಿಸಿದಳು. ಈಗವಳ ತಮಟೆಗೆ ನಾನು ಎರಡು ಹೆಜ್ಜೆ ಹಾಕಿ ಸುಸ್ತಾದರೆ, "ನೀನೇ ಉಲುಸು ಕಣಜ್ಜಿ!" ಎನ್ನುತ್ತಾಳೆ. ಬೈಸಿಕೊಂಡು ಇಷ್ಟು ಖುಷಿಯಾದದ್ದು ಇದೇ ಮೊದಲು.

ಆ ಸಾಲನ್ನು ಮೊದಲು ಹಾಕಿದವರು ಯಾರೆಂದು ಸಣ್ಣೇಗೌಡನಿಗೂ ತಿಳಿಯದು. ನಿಮ್ಮ ಕಾಲದವರಿರಬೇಕು ಎಂಬುದು ನನ್ನ ಊಹೆ. ಅದು ನೀವೇ ಇದ್ದರೂ ಇರಬಹುದು. ಆದ್ದರಿಂದ ಈ ಸಲ ಮಳೆ ಬಿದ್ದಾಗ ಮರೆಯದೆ ಒಂದು ಸಾಲು ಹಾಕಿಬಿಡಿ. ಇಲ್ಲಿ ಹುಡುಗಿ ಆಗಲೇ ತಮಟೆ ಕಾಯಿಸುತ್ತಿದ್ದಾಳೆ.