ಎರಡನೇ ಏಟು, ನಾಲ್ಕನೇ ಏಟು

ಕೊಳ್ಳೇಗಾಲ
25-7-2025, ಶುಕ್ರವಾರ

ಊಟಿಯ ಚಳಿಯಲ್ಲಿ ಕೈ ಉಜ್ಜಿಕೊಂಡು ಕುಳಿತಿರುವ ನನ್ನ ಯಜಮಾನರಿಗೆ, ನಿಮ್ಮ ರತ್ನ ಮಾಡುವ ನಮಸ್ಕಾರಗಳು.

ಕೆಮ್ಮು ಹೇಗಿದೆ? ಕಷಾಯದ ಪುಡಿ ಮುಗಿದಿದ್ದರೆ ಹೇಳಿ, ಕಳಿಸುತ್ತೇನೆ. ಇದ್ದೂ ಕುಡಿಯದೆ ಇಟ್ಟುಕೊಂಡಿದ್ದರೆ ಅದನ್ನೂ ಹೇಳಿ, ಬೈಯುತ್ತೇನೆ. ಕ್ಲಾರಿನೆಟ್ ಊದುವ ಎದೆ ಅದು, ಸ್ವೆಟರ್ ಇಲ್ಲದೆ ಆ ಮಂಜಿನಲ್ಲಿ ಓಡಾಡಬೇಡಿ. ನಾನು ಚೆನ್ನಾಗಿದ್ದೇನೆ. ಲೊಕ್ಕನಹಳ್ಳಿಯಲ್ಲಿ ಅತ್ತೆಯೂ ಚೆನ್ನಾಗಿದ್ದಾರೆ. ಹೋದ ವಾರ ಆನೆ ಬಂದು ಜೋಳದ ಹೊಲ ತುಳಿದು ಹೋಯಿತಂತೆ, ಆ ಕೋಪವನ್ನೆಲ್ಲ ಫೋನಿನಲ್ಲಿ ನನ್ನ ಮೇಲೆ ತೀರಿಸಿಕೊಂಡರು, ಆನೆಯನ್ನು ನಾನೇ ಕಳಿಸಿದ ಹಾಗೆ. ನಿನ್ನೆ ಭೀಮನ ಅಮಾವಾಸ್ಯೆ. ಬೀದಿಯ ಹೆಂಗಸರೆಲ್ಲ ಗಂಡಂದಿರನ್ನು ಮಣೆಯ ಮೇಲೆ ಕೂರಿಸಿ ಪಾದ ತೊಳೆದರು. ನಾನು ತೊಳೆಯಬೇಕಾದ ಪಾದ ಊಟಿಯಲ್ಲಿತ್ತು. ನೀವು ಬ್ಯಾಂಡ್ ಸೆಟ್ಟಿನ ಕೆಂಪು ಕೋಟು ಹಾಕಿಕೊಂಡು ತೆಗೆಸಿಕೊಂಡ ಫೋಟೋದ ಮುಂದೆ ದೀಪ ಹಚ್ಚಿದೆ. ಹೂವು ಹಾಕಲಿಲ್ಲ, ಬದುಕಿರುವವರ ಫೋಟೋಗೆ ಹಾಕಬಾರದಲ್ಲ. ಆಮೇಲೆ ಒಬ್ಬಳೇ ಒಬ್ಬಟ್ಟು ತಿಂದು ಮಲಗಿದೆ.

ಫೋನು ಇರುವಾಗ ಕಾಗದ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನೀವು "ಉಂಡ್ಯಾ ಅಮ್ಮಿ" ಅನ್ನುತ್ತೀರಿ, ನಾನು ಉಂಡೆ ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಹೋದ ಭಾನುವಾರ ನೀವು ಬೇರೆ ಮಾತು ತೆಗೆದಿರಿ. ನೀವು ಊದುವ ಹೋಟೆಲಿನವರು ಇನ್ನು ಮೂರು ವರ್ಷಕ್ಕೆ ಕರಾರು ಮಾಡಿಕೊಳ್ಳುತ್ತಾರಂತೆ, ನಿಮ್ಮ ಜೊತೆ ಗಿಟಾರ್ ನುಡಿಸುವ ಮುದುಕರು ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಾರಂತೆ, ಸಹಿ ಹಾಕಲೋ ಬೇಡವೋ ನೀನೇ ಹೇಳಿಬಿಡು ಅಂದಿರಿ. ಕಾಗದ ಬರೆಯುತ್ತೇನೆ ಅಂತ ಹೇಳಿ ಫೋನು ಇಟ್ಟೆ. ಬೇಡ ಅಂದರೆ ನೀವು ಇಲ್ಲಿಗೆ ಬಂದು ಏನು ಊದುತ್ತೀರಿ? ಮದುವೆಗಳಿಗೆಲ್ಲ ಡಿಜೆ ಬಂದ ಮೇಲೆ ನಿಮ್ಮ ಬ್ಯಾಂಡ್ ಸೆಟ್ಟೇ ಚದುರಿಹೋಯಿತು. ಆ ವರ್ಷ ನೀವು ಕ್ಲಾರಿನೆಟ್ ಒರೆಸಿ ಒರೆಸಿ ಮತ್ತೆ ಪೆಟ್ಟಿಗೆಯಲ್ಲಿ ಇಡುತ್ತಿದ್ದುದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ. ಹಾಕಿ ಅಂದರೆ ಈ ಮನೆಯಲ್ಲಿ ಮೂರು ವರ್ಷ ನಾನೊಬ್ಬಳೇ. ಉತ್ತರ ಬರೆಯುತ್ತೇನೆ. ಅದಕ್ಕೆ ಮೊದಲು ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು.

ನಾನು ಗಿಟಾರ್ ಕಲಿಯುತ್ತಿದ್ದೇನೆ. ನಗಬೇಡಿ. ಯುಗಾದಿಗೆ ಬಂದಾಗ, ಊಟಿಯ ತೇವಕ್ಕೆ ಅಂಟು ಬಿಡುತ್ತದೆ ಅಂತ ಆ ಮುದುಕರ ಹಳೆಯ ಗಿಟಾರನ್ನು ತಂದು ಬೀರುವಿನ ಮೇಲೆ ಇಟ್ಟು ಹೋದಿರಲ್ಲ, ಅದರಲ್ಲೇ. ಆ ಹಬ್ಬದ ಸಂಜೆ ನೀವು ಜಗಲಿಯ ಮೇಲೆ ಕುಳಿತು ಕಾಲಿನಲ್ಲಿ ತಾಳ ಹಾಕುತ್ತಾ ಎಲ್ಲೋ ಹೋಗಿಬಿಟ್ಟಿದ್ದಿರಿ. ಯಾವ ಹಾಡು ಅಂತ ಕೇಳಿದ್ದಕ್ಕೆ, ಅದು ಸ್ವಿಂಗ್ ಅಂತ, ಇಂಗ್ಲಿಷಿನವರು ಹಿಂದೆ ಕುಣಿಯುತ್ತಿದ್ದ ಹಾಡು, "ನಿಂಗೆ ತಿಳಿಯಾಕಿಲ್ಲ ಬುಡಮ್ಮಿ" ಅಂದಿರಿ. ನೀವು ಬೇಜಾರು ಮಾಡಬೇಕೆಂದು ಅನ್ನಲಿಲ್ಲ, ನನಗೆ ಗೊತ್ತು. ಆದರೂ ನನಗೆ ಬಹಳ ನೋವಾಯಿತು. ಎರಡು ದಿನಕ್ಕೆಂದು ಬಂದವರು, ಪಕ್ಕದಲ್ಲೇ ಕುಳಿತಿದ್ದೀರಿ, ಮನಸ್ಸು ಮಾತ್ರ ನಾನು ಬರಲಾಗದ ಕಡೆ ಇದೆ. ತಿಳಿಯುವುದಿಲ್ಲವೋ, ನೋಡೇಬಿಡೋಣ ಅಂತ ನೀವು ಬಸ್ಸು ಹತ್ತಿದ ಮಾರನೆಯ ದಿನವೇ ಗಿಟಾರು ಇಳಿಸಿದೆ.

ಮೊದಲು ಫೋನಿನಲ್ಲಿ ವಿಡಿಯೋ ನೋಡಿದೆ. ಅವರ ಇಂಗ್ಲಿಷ್ ಅರ್ಥವಾಗದೆ ಬರೀ ಕೈ ನೋಡಿಕೊಂಡು ಒದ್ದಾಡಿದೆ. ಅಷ್ಟರಲ್ಲಿ ಯಳಂದೂರಿನ ಕೆಂಪನಂಜಪ್ಪ ಅನ್ನುವವರು ಮೊಮ್ಮಗಳ ಮದುವೆ ಸೀರೆಗೆ ಕುಚ್ಚು ಕಟ್ಟಿಸಲು ನನ್ನ ಹತ್ತಿರ ಬಂದರು. ಪೊಲೀಸ್ ಬ್ಯಾಂಡಿನಲ್ಲಿದ್ದು ನಿವೃತ್ತರಾದವರು. ಮೂಲೆಯಲ್ಲಿದ್ದ ಗಿಟಾರು ನೋಡಿ ಸೀರೆಯನ್ನೇ ಮರೆತರು. ಈಗ ಬುಧವಾರ ಬುಧವಾರ ಅವರ ಮನೆಗೆ ಹೋಗಿ ಕಲಿಯುತ್ತೇನೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಕಂಡಕ್ಟರ್ ಗಿಟಾರನ್ನು ಮೇಲಿಂದ ಕೆಳಗೆ ನೋಡಿ, ಇದು ಹೆಣ್ಣೋ ಗಂಡೋ ಅಂತ ಕೇಳಿದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಅಷ್ಟು ಜನರ ಜೊತೆ ನಕ್ಕು ಎಷ್ಟೋ ದಿನವಾಗಿತ್ತು.

ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುವ ಆಸೆ, ಸಹಿಸಿಕೊಳ್ಳಿ. ಸ್ವಿಂಗಿನಲ್ಲಿ ಗಿಟಾರಿನವರು ಹಾಡು ನುಡಿಸುವುದಿಲ್ಲ, ಊದುವವರ ಹಿಂದೆ ತಾಳ ಹಿಡಿಯುತ್ತಾರೆ, ಅಷ್ಟೇ. ಮೂರು ತಂತಿ ಒಟ್ಟಿಗೆ ಒತ್ತಿ ಹಿಡಿದು ಒಂದು ಎರಡು ಮೂರು ನಾಲ್ಕು ಅಂತ ಒಂದೇ ಸಮ ಬಾರಿಸಬೇಕು. ಎರಡನೇ ಏಟೂ ನಾಲ್ಕನೇ ಏಟೂ ಸ್ವಲ್ಪ ಜೋರಾಗಿ, ಚಿಕ್ಕದಾಗಿ. ಬಾರಿಸಿದ ಕೂಡಲೇ ಎಡಗೈ ಸಡಿಲಿಸಿ ಸದ್ದು ನಿಲ್ಲಿಸಬೇಕು. ನನಗೆ ಒತ್ತುವುದು ಬೇಗ ಬಂತು, ಸಡಿಲಿಸುವುದು ಬರಲೇ ಇಲ್ಲ. ಕೆಂಪನಂಜಪ್ಪನವರು ಕೋಲಿನಲ್ಲಿ ನೆಲ ಕುಟ್ಟಿಕೊಂಡು, "ಒತ್ತು, ಬುಡು. ಬುಡದೆ ಇದ್ರೆ ಅದು ಕುಣಿಯಾಕಿಲ್ಲ ಕಣವ್ವ, ನರಳ್ತದೆ" ಅನ್ನುತ್ತಿದ್ದರು. ಮನೆಗೆ ಬಂದು ನುಡಿಸಿದರೆ ನಿಜವಾಗಿ ನರಳಿದ ಹಾಗೇ ಕೇಳುತ್ತಿತ್ತು. ಒಂದೆರಡು ಸಲ ಗಿಟಾರನ್ನು ಗೋಡೆಗೆ ಒರಗಿಸಿ ಅತ್ತಿದ್ದೇನೆ. ಈಗ ಬರುತ್ತದೆ, ನಿಧಾನವಾದ ಹಾಡಿಗೆ. ಬೇಗ ಬಾರಿಸು ಅಂದರೆ ಮುಂಗೈ ಸೆಟೆದುಕೊಳ್ಳುತ್ತದೆ.

ಇದರಿಂದ ಎರಡು ನಷ್ಟವಾಯಿತು. ಎಡಗೈ ಬೆರಳ ತುದಿ ತಂತಿಗೆ ಉಜ್ಜಿ ಉಜ್ಜಿ ಜಡ್ಡುಗಟ್ಟಿ, ಕುಚ್ಚು ಕಟ್ಟುವಾಗ ರೇಷ್ಮೆ ಎಳೆ ಅದಕ್ಕೆ ಸಿಕ್ಕಿಕೊಂಡು ಜುಂಗು ಏಳುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿದೆ, ಹಾಲಿನ ಕೆನೆ ತಿಕ್ಕಿದೆ, ಹೋಗುವುದಿಲ್ಲ. ಅಂಗಡಿಯವರು ಎರಡು ಸೀರೆ ವಾಪಸ್ಸು ಕಳಿಸಿದರು. ನನ್ನ ಕುಚ್ಚಿಗೆ ಹೆಸರಿಡುವ ದಿನವೂ ಬಂತು ನೋಡಿ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಸೋಮವಾರದ ಭಜನೆಯಲ್ಲಿ ಕೈತಾಳ ನನ್ನದು, ಗೊತ್ತಲ್ಲ. ಹೋದ ತಿಂಗಳು ಮಾದಪ್ಪನ ಪದ ಹೇಳುವಾಗ ನನಗೇ ತಿಳಿಯದಂತೆ ಕೈ ಎರಡಕ್ಕೂ ನಾಲ್ಕಕ್ಕೂ ಬೀಳತೊಡಗಿತು. ಎಲ್ಲರೂ ಒಂದಕ್ಕೆ ತಟ್ಟುತ್ತಿದ್ದರೆ ನಾನು ಅವರ ಬೆನ್ನ ಹಿಂದೆ. ದಮ್ಮಡಿ ಬಡಿಯುವವರು ತಪ್ಪಿದರು, ಹಾಡುವವರು ನಿಂತರು. ಹಾರ್ಮೋನಿಯಂ ಹಿಡಿದ ಶಿವನಂಜಯ್ಯನವರು ನನ್ನನ್ನೇ ನೋಡಿ, "ನಾವೆಲ್ಲ ಒಂದ್ ಕಡೆ ಓಯ್ತಾ ಇದ್ರೆ ನೀನೊಬ್ಳೆ ಯಾವ್ ಕಡೆ ಓಯ್ತಿದ್ದಯವ್ವ" ಅಂದರು. ಕೋಪವಿಲ್ಲದೆ ಕೇಳಿದರು, ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಮುಂದಿನ ವಾರ ಎಚ್ಚರಿಕೆಯಿಂದ ಬಾರಿಸಿದೆ, ಮತ್ತೆ ಹಾಗೇ ಆಯಿತು. ತಾಳವನ್ನು ಬೇರೆಯವರಿಗೆ ಕೊಟ್ಟು ಬಂದೆ. ಹೋಗುವುದನ್ನೇ ಬಿಟ್ಟಿದ್ದೇನೆ. ಸೋಮವಾರ ಸಂಜೆ ಬೀದಿಯ ತುದಿಯಿಂದ ಪದ ಕೇಳಿಸುತ್ತದೆ, ನಾನು ಒಳಗೆ ಬೆಳ್ಳುಳ್ಳಿ ಸುಲಿಯುತ್ತಾ ಕುಳಿತಿರುತ್ತೇನೆ.

ಒಬ್ಬಳೇ ಇರುವುದು ಏನು ಅಂತ ನಿಮಗೆ ಹೇಳಿಲ್ಲ. ಒಂದೇ ಮುದ್ದೆ ತಿರುವುವುದು ಕಷ್ಟ, ಹಿಟ್ಟು ಗಂಟಾಗುತ್ತದೆ. ನಿಮ್ಮ ಅಂಗಿಗಳನ್ನು ಆಗಾಗ ಒಗೆದು ಹಗ್ಗಕ್ಕೆ ಹಾಕುತ್ತೇನೆ, ಮನೆಯಲ್ಲಿ ಗಂಡಸು ಇದ್ದಾನೆ ಅಂತ ಬೀದಿಯವರು ತಿಳಿಯಲಿ ಎಂದು. ಗಿಟಾರು ಬಂದ ಮೇಲೆ ಮನೆಯಲ್ಲಿ ಸದ್ದೇನೋ ಇದೆ, ಆದರೆ ಪಕ್ಕದ ಮನೆಯ ಗೋವಿಂದಮ್ಮ ಬಾಗಿಲಲ್ಲಿ ನಿಂತು ಇದು ಯಾವ ಹಾಡು ಅಂತ ಕೇಳಿದರೆ ಹೇಳಲು ಏನೂ ಇಲ್ಲ. ಹಾಡು ಊದುವವರ ಹತ್ತಿರ ಇರುತ್ತದೆ, ನನ್ನ ಹತ್ತಿರ ಬರೀ ತಾಳ. ನಿಮ್ಮ ಮೇಲೆ ನನಗೊಂದು ಕೋಪವಿದೆ, ಬರೆದೇಬಿಡುತ್ತೇನೆ. ನೀವು ಊಟಿಗೆ ಹೋದ ಮೇಲೆ ಎರಡು ದೀಪಾವಳಿ ಕಳೆದವು, ಇಷ್ಟು ದಿನಗಳಲ್ಲಿ ನೀವು ಒಂದು ಸಲವೂ "ನೀನೂ ಬಾ" ಅನ್ನಲಿಲ್ಲ. ರೂಮು ಚಿಕ್ಕದು, ಚಳಿ ಜಾಸ್ತಿ, ಭಾಷೆ ಬೇರೆ ಅಂದಿರಿ. ನನಗೆ ಬೇಕೋ ಬೇಡವೋ ಅಂತ ಮಾತ್ರ ಕೇಳಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ, ಕರೆದರೆ ಹೋಗೋಣ ಅಂತ ಬಿಂಕದಲ್ಲಿ ಕುಳಿತಿದ್ದೆ.

ಕೆಂಪನಂಜಪ್ಪನವರು ನಿಮ್ಮನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಕೆಲಸ ಬಿಡುತ್ತಿರುವ ಆ ಹಿರಿಯರಿಗೆ ನನ್ನ ನಮಸ್ಕಾರ ಹೇಳಿ, ಅವರ ಗಿಟಾರು ಜೋಪಾನವಾಗಿದೆ ಅನ್ನಿ. ಅಂಚೆಯವನು ಬರುವ ಹೊತ್ತಾಯಿತು. ಮಾದಪ್ಪ ನಿಮ್ಮ ಉಸಿರು ಕಾಯಲಿ.

ಇಂತಿ ನಿಮ್ಮವಳು,
ರತ್ನ

ವಿ.ಸೂ.: ಸಹಿ ವಿಷಯ. ಹಾಕಿ. ಆದರೆ ಮ್ಯಾನೇಜರ್ ಹತ್ತಿರ ಗಂಡ ಹೆಂಡತಿ ಇರುವಂಥ ರೂಮು ಕೇಳಿ. ಗಿಟಾರಿನ ಜಾಗ ನನಗೆ ಕೊಟ್ಟರೆ ಸರಿ, ಕೊಡದಿದ್ದರೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತೇನೆ. ಆಗಸ್ಟ್ ನಾಲ್ಕು, ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಾನು ಬರುವುದು ಬೇಡ ಅಂತ ನಿಮಗಿದ್ದರೆ ಫೋನಿನಲ್ಲಿ ಹೇಳಬೇಡಿ. ಊಟಿ ಬಸ್ ಸ್ಟ್ಯಾಂಡಿಗೆ ಬಂದು, ನನ್ನ ಮುಖ ನೋಡಿ ಹೇಳಿ.