ಅದು ಏಳುವಷ್ಟು ಹೊತ್ತು

ಫೆಬ್ರವರಿ 3, ಸಂಜೆ 6.45

ಜೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ಪರೀಕ್ಷೆಯ ಮಕ್ಕಳು. ದೊಡ್ಡ ಮೆಷಿನ್ ಮತ್ತೆ ಕಾಗದ ನುಂಗಿತು. ಅಂಗಡಿಯ ಯಜಮಾನರು ಮೆಕ್ಯಾನಿಕ್‌ಗೆ ಫೋನ್ ಮಾಡಲು ಹೊರಟಿದ್ದರು, ಬೇಡವೆಂದು ನಾನೇ ಬಗ್ಗಿ ರೋಲರ್ ಒರೆಸಿದೆ. ಕೈಯೆಲ್ಲ ಟೋನರ್ ಪುಡಿ. ಎಷ್ಟು ಸೋಪು ಹಾಕಿದರೂ ಉಗುರಿನ ಸಂದು ಕಪ್ಪು.

ನನ್ನ ಲ್ಯಾಪ್‌ಟಾಪಿನ ಕೀಲು ಸಡಿಲ. ಮುಚ್ಚಳ ತಾನಾಗಿ ಹಿಂದಕ್ಕೆ ಬೀಳುತ್ತದೆ. ಟೇಬಲ್ ಮೇಲೆ ಬಟ್ಟೆ ಹಾಸಿ ಬಿಚ್ಚಿಟ್ಟಿದ್ದೇನೆ. ಸ್ಕ್ರೂಗಳು ಮೊಟ್ಟೆಯ ಟ್ರೇಯಲ್ಲಿ. ಹೊಸದು ಕೊಳ್ಳಬಾರದೇ ಎನ್ನುತ್ತಾರೆ ಎಲ್ಲರೂ. ಕೊಂಡರೆ ಬಿಚ್ಚುವುದಕ್ಕೆ ಏನಿರುತ್ತದೆ...

ಇವರು ಬಸ್ಸನ್ನು ಡಿಪೋದಲ್ಲಿ ಬಿಟ್ಟು ಆರಕ್ಕೆ ಬಂದರು. ಕೈಕಾಲು ತೊಳೆದು ನೇರ ಮಗಳ ಕೋಣೆಗೆ. ಅವಳ ಕಂಪ್ಯೂಟರ್ ಆನ್ ಮಾಡಿ ಮಂಚದ ಅಂಚಿಗೆ ಕೂತರು. ಪರದೆ ಪೂರ್ತಿ ಬಂದ ಮೇಲೆ ಎದ್ದು, ಗೋಡೆಯ ಸ್ವಿಚ್ ಆರಿಸಿ ಹೊರಗೆ. ಮೌಸ್ ಮುಟ್ಟುವುದಿಲ್ಲ, ಮುಟ್ಟಲು ಬರುವುದೂ ಇಲ್ಲ. ಅವಳು ತೀರಿಹೋದ ಮೇಲೆ ದಿನವೂ ಇದೇ. ಎಂಟು ತಿಂಗಳಾಯಿತು.

"ಗೋಡೆ ಸ್ವಿಚ್ ಆರಿಸ್ಬೇಡಿ ಅಂತ ಎಷ್ಟು ಸಲ ಹೇಳೋದ್ರೀ? ಡಿಸ್ಕ್ ಹಾಳಾಗತ್ತೆ."

"ಬಸ್ಸಾದ್ರೆ ಹ್ಯಾಂಡ್ ಬ್ರೇಕ್ ಹಾಕಿ ಇಳೀತೀನಿ. ಇದಕ್ಕೆ ಎಲ್ಲಿದೆ ಅಂತ ನೀನು ಹೇಳ್ಕೊಟ್ಟಿಲ್ಲ."

ಹೇಳಿಕೊಟ್ಟಿದ್ದೆ.

ಫೆಬ್ರವರಿ 6

ಅಂದುಕೊಂಡ ಹಾಗೇ ಆಯಿತು. ಬೆಳಿಗ್ಗೆ ಅವಳ ಕೋಣೆ ಗುಡಿಸುವಾಗ ಕಂಪ್ಯೂಟರ್ ಹಾಕಿ ನೋಡಿದೆ. ಒಳಗಿಂದ ಟಕ್... ಟಕ್. ಡಬ್ಬಕ್ಕೆ ಕಿವಿ ಇಟ್ಟೆ. ಹಾರ್ಡ್ ಡಿಸ್ಕೇ. ಪರೀಕ್ಷೆ ಮಾಡುವ ಸಾಫ್ಟ್‌ವೇರ್ ಹಾಕಿದರೆ ಕೆಂಪು ಗೆರೆಗಳು. ಇನ್ನು ಹೆಚ್ಚು ದಿನ ಬರುವುದಿಲ್ಲ.

ಅವಳ ಫೋಟೋ, ಅವಳು ಬಿಡಿಸಿದ್ದು, ಅರ್ಧಕ್ಕೆ ನಿಂತ ಕಾಲೇಜಿನ ಪ್ರಾಜೆಕ್ಟ್, ಎಲ್ಲ ಅದರಲ್ಲೇ.

ಅವಳಿದ್ದಾಗಲೇ ಬೇಡಿಕೊಂಡಿದ್ದೆ. ತಿರುಗುವ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕೋಣ ಕಣೇ, ತಟ್ಟೆ ಇಲ್ಲ, ಸದ್ದಿಲ್ಲ, ಬಟನ್ ಒತ್ತಿದ್ದೇ ತಡ ಎದ್ದು ಕೂರತ್ತೆ. "ಬೇಡಮ್ಮಾ, ಇರ್ಲಿ ಬಿಡು." ಹುಟ್ಟುಹಬ್ಬಕ್ಕೆ ನಾನೇ ತರುತ್ತೇನೆ ಎಂದರೂ ಬೇಡ. ನನ್ನ ಲ್ಯಾಪ್‌ಟಾಪಿನಲ್ಲಿ ಕಂಪನಿಯದು ಅಂತ ಉಳಿದಿರುವುದು ಮುಚ್ಚಳ ಮಾತ್ರ. ಇವರ ಫೋನಿಗೆ ಬ್ಯಾಟರಿ, ಪರದೆ ಎರಡೂ ನಾನೇ ಹಾಕಿದ್ದು. ಅವಳದನ್ನು ಮಾತ್ರ ಮುಟ್ಟಗೊಡಲಿಲ್ಲ. ಯಾಕೋ ಕೊನೆಗೂ ಗೊತ್ತಾಗಲಿಲ್ಲ.

ಇವರಿಗೆ ಹೇಳುವುದಿಲ್ಲ. ಗಾಬರಿಯಾಗುತ್ತಾರೆ. ಸರಿ ಮಾಡಿಯೇ ತೋರಿಸುತ್ತೇನೆ.

ಫೆಬ್ರವರಿ 8, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಬಿಡಿಭಾಗದ ಅಂಗಡಿಗೆ ಓಡಿದೆ. ಅಂಗಡಿಯವನು ನನ್ನನ್ನು ಕಂಡರೆ ಎದ್ದು ನಿಂತು ಕೈಮುಗಿಯುತ್ತಾನೆ, ಕೀಟಲೆಗೆ.

"ಬನ್ನಿ ಡಾಕ್ಟ್ರಮ್ಮ. ಇವತ್ತು ಯಾರಿಗೆ ಆಪರೇಶನ್?"

"ಮಗಳ ಕಂಪ್ಯೂಟರ್‌ಗೆ."

ನಗು ಅಲ್ಲೇ ನಿಂತಿತು. ಇರುವುದರಲ್ಲಿ ಒಳ್ಳೆಯ ಎಸ್‌ಎಸ್‌ಡಿ ಹುಡುಕಿಕೊಟ್ಟ. ರ‍್ಯಾಮ್ ಕೂಡ ಒಂದು ಸೇರಿಸಿದ, ಇನ್ನಷ್ಟು ವೇಗವಾಗಲೆಂದು. ತಂತಿಯೊಂದನ್ನು ತಾನಾಗಿಯೇ ಕವರಿಗೆ ಹಾಕಿ, "ಇದು ಇರ್ಲಿ ಅಕ್ಕಾ" ಎಂದ. ಅವನು ನನ್ನನ್ನು ಅಕ್ಕಾ ಎಂದದ್ದು ಇದೇ ಮೊದಲು.

ಫೆಬ್ರವರಿ 10, ಮಧ್ಯಾಹ್ನ 3.30

ಇವತ್ತು ನನಗೆ ವಾರದ ರಜೆ. ಇವರು ಬಸ್ಸಿನ ಮೇಲೆ. ಬೆಳಿಗ್ಗೆಯೇ ಹಳೆಯ ಡಿಸ್ಕಿನಿಂದ ಹೊಸದಕ್ಕೆ ಎಲ್ಲವನ್ನೂ ಪ್ರತಿ ಮಾಡಲು ಹಚ್ಚಿದೆ. ನಡುವೆ ಒಂದೆರಡು ಕಡೆ ಮುಗ್ಗರಿಸಿತು. ಬಟ್ಟೆ ಒಗೆದೆ, ಬಂದು ನೋಡಿದೆ, ಮತ್ತೆ ಹೋಗಿ ಹಿಂಡಿದೆ. ಕೊನೆಗೂ ಮುಗಿಯಿತು. ಒಂದು ಫೈಲೂ ಹೋಗಿಲ್ಲ. ಕೂತು ಒಂದೊಂದಾಗಿ ತೆರೆದು ನೋಡಿದೆ... ಎಲ್ಲವನ್ನೂ ಅಲ್ಲ. ಫೋಟೋಗಳನ್ನು ತೆರೆಯಲಿಲ್ಲ. ಇವೆ ಅಂತ ಗೊತ್ತಾದರೆ ಸಾಕಲ್ಲ.

ಹೇಗೂ ಡಬ್ಬ ಬಿಚ್ಚಿದ್ದೇನೆಂದು ಉಳಿದ ಕೆಲಸವನ್ನೂ ಪೂರ್ತಿ ಮಾಡಿದೆ. ಫ್ಯಾನಿನ ರೆಕ್ಕೆಗಳನ್ನು ಕುಂಚದಿಂದ ಒರೆಸಿ, ಪ್ರೊಸೆಸರಿನ ಮೇಲೆ ಒಣಗಿ ಸುಣ್ಣದಂತಾಗಿದ್ದ ಪೇಸ್ಟ್ ಕೆರೆದು ಹೊಸದು ಹಚ್ಚಿ, ವೈರುಗಳನ್ನು ಕಟ್ಟಿ ಒಂದು ಬದಿಗೆ ಸರಿಸಿ. ಮುಚ್ಚಿ ಬಟನ್ ಒತ್ತಿದೆ. ಕೈ ತೆಗೆಯುವುದರೊಳಗೆ ಪರದೆ ಬಂತು. ಮೊದಲು ಒಲೆಯ ಮೇಲಿಟ್ಟ ಚಹಾ ಕುದಿದು, ಸೋಸಿ, ಕುಡಿಯುವಷ್ಟು ಹೊತ್ತು ಬೇಕಿತ್ತು ಅದಕ್ಕೆ.

ಸಂತೋಷವಾಯಿತು. ಎಷ್ಟೋ ತಿಂಗಳಾದ ಮೇಲೆ. ಆಮೇಲೆ ನಾಚಿಕೆಯೂ ಆಯಿತು.

ಅದೇ ದಿನ, ಸಂಜೆ 7

ಬಂದರು. ನಾನು ಬಾಗಿಲ ಹತ್ತಿರ ನಿಂತೆ, ಬಹುಮಾನ ಕೊಡುವವಳ ಹಾಗೆ. ಬಟನ್ ಒತ್ತಿದರು. ಮಂಚದ ಕಡೆ ತಿರುಗಿದರು. ಕೂರುವ ಮೊದಲೇ ಪರದೆ ಬೆಳಗಿತು.

ಅರ್ಧ ಬಗ್ಗಿದವರು ಹಾಗೇ ನಿಂತರು.

"ಏನ್ ಮಾಡ್ದೆ ಇದಕ್ಕೆ?"

ಹೇಳಿದೆ. ಡಿಸ್ಕ್ ಸಾಯುತ್ತಿತ್ತು, ಎಲ್ಲ ಉಳಿಸಿದ್ದೇನೆ, ಇನ್ನು ಕಾಯುವ ಗೋಳೇ ಇಲ್ಲ.

"ಒಳ್ಳೇದಾಯ್ತು," ಎಂದರು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಎಲ್ಲಿಗೆ ಎಂದು ಹೇಳಲಿಲ್ಲ. ಇನ್ನೂ ಬಂದಿಲ್ಲ.

ಫೆಬ್ರವರಿ 12

ಇವರು ಆ ಕೋಣೆಗೆ ಹೋಗಿಲ್ಲ. ನಿನ್ನೆಯೂ ಇಲ್ಲ. ಕೇಳಿದರೆ, "ಸುಸ್ತು."

ಫೆಬ್ರವರಿ 20, ಸಂಜೆ

ಏನೂ ಬರೆಯಲಿಲ್ಲ ಇಷ್ಟು ದಿನ. ಲ್ಯಾಪ್‌ಟಾಪಿನ ಕೀಲು ಟ್ರೇಯಲ್ಲೇ ಇದೆ.

ಇವರು ಮನೆಗೆ ಬರುವುದು ಎಂಟಾಗುತ್ತಿದೆ. ಬಸ್ಸು ಬಿಟ್ಟ ಮೇಲೂ ಡಿಪೋದ ಬೆಂಚಿನ ಮೇಲೆ ಕೂತಿರುತ್ತಾರಂತೆ. ಇವರ ಕಂಡಕ್ಟರ್ ಅಂಗಡಿಗೆ ಬಂದಿದ್ದ, ಯಾವುದೋ ಕಾಗದದ ಪ್ರತಿ ತೆಗೆಸಲು. "ಮನೇಲೇನಾದ್ರೂ ಮಾತಾಯ್ತಾ ಅಕ್ಕಾ?" ಎಂದು ಮೆಲ್ಲಗೆ ಕೇಳಿದ. ಮೆಷಿನ್ ಸದ್ದಿನಲ್ಲಿ ಕೇಳಿಸದವಳಂತೆ ಇದ್ದೆ.

ಫೆಬ್ರವರಿ 21, ಬೆಳಿಗ್ಗೆ 6

ಇವರು ಹೊರಟ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ನಾನೇನು ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳಿ. ಅವಳದನ್ನ ಉಳಿಸ್ಲಿಲ್ವಾ ನಾನು?"

"ಉಳಿಸ್ದೆ. ಯಾರು ಇಲ್ಲ ಅಂದ್ರು?"

"ಮತ್ತೆ?"

ತುತ್ತು ಕಲಸುತ್ತಲೇ ಇದ್ದರು. ಆಮೇಲೆ ಹೇಳಿದರು, ತಟ್ಟೆಗೆ ಹೇಳುವ ಹಾಗೆ.

"ನಾನು ಬಂದ ಕೂಡ್ಲೆ ಅದನ್ನ ಹಾಕ್ತಿದ್ಲು. ಅದು ಏಳೋವರೆಗೆ ಕೆಲ್ಸ ಇಲ್ವಲ್ಲ. ಬಾರಪ್ಪಾ ಕೂತ್ಕೋ, ಇವತ್ತು ಬಸ್ಸಲ್ಲಿ ಯಾರ್ ಜಗಳ ಆಡಿದ್ರು ಹೇಳು ಅನ್ನೋಳು. ನಾನು ಹೇಳ್ತಿದ್ದೆ. ಪರದೆ ಬಂತೂಂದ್ರೆ ರೈಟ್ ರೈಟ್ ಅಂತ ಬೆನ್ನಿಗೆ ಗುದ್ದಿ ಎಬ್ಬಿಸ್ತಿದ್ಲು. ಅಷ್ಟೇ."

ನಾನು ಆ ಹೊತ್ತಿನಲ್ಲಿ ಎಲ್ಲಿರುತ್ತಿದ್ದೆ? ಹೊರಗೆ ಟೇಬಲ್ ಮುಂದೆ. ಯಾವುದನ್ನೋ ಬಿಚ್ಚಿಕೊಂಡು. ಒಳಗೆ ನಗು ಕೇಳುತ್ತಿತ್ತು. ಟಿವಿ ಇರಬೇಕು ಅಂದುಕೊಳ್ಳುತ್ತಿದ್ದೆನೇನೋ.

"ನನ್ನನ್ನ ಯಾಕೆ ಕರೀಲಿಲ್ಲ?"

"ಕರ್ದಿದ್ರೆ ನೀನು ಅದನ್ನ ರಿಪೇರಿ ಮಾಡಿಬಿಡ್ತಿದ್ದೆ."

ತಮಾಷೆಗೆ ಶುರು ಮಾಡಿದ ಮಾತು. ಮುಗಿಯುವಾಗ ಇಬ್ಬರಿಗೂ ತಮಾಷೆ ಅನ್ನಿಸಲಿಲ್ಲ.

ಆಮೇಲೆ ಇವರೇ, "ಏನ್ ಮಾತಾಡ್ತಿದ್ವಿ ಅಂತ ನೆನಪೇ ಆಗಲ್ಲ ಕಣೆ. ದಿನಾ ಆಡಿದ್ ಮಾತು, ಯಾರು ನೆನಪಿಟ್ಕೋತಾರೆ? ಅಲ್ಲಿ ಕೂತು ಕಾಯ್ತಿದ್ರೆ ಒಂದೊಂದು ಬರ್ತಿತ್ತು. ದಿನಕ್ಕೊಂದು. ಈಗ ಕೂರೋಕೆ ಮುಂಚೆನೇ ಅದು ಎದ್ದಿರತ್ತೆ."

ಅದಕ್ಕೇ ಅವಳ ಆ ಬೇಡಮ್ಮಾ, ಇರ್ಲಿ ಬಿಡು.

ಫೆಬ್ರವರಿ 22, ರಾತ್ರಿ 9.15

ಹಳೆಯ ಡಿಸ್ಕನ್ನು ಬಿಸಾಡಿರಲಿಲ್ಲ. ಹಾಳಾದದ್ದನ್ನೂ ಬಿಸಾಡದಿರುವುದು ನನ್ನ ಕೆಟ್ಟ ಚಾಳಿ. ಇವರು ಬರುವ ಹೊತ್ತಿಗೆ ಡಬ್ಬ ಬಿಚ್ಚಿ ಕೂತಿದ್ದೆ.

"ಹಳೇದನ್ನೇ ಹಾಕ್ತೀನಿ. ಏಳತ್ತೋ ಇಲ್ವೋ ಗೊತ್ತಿಲ್ಲ."

ಮಂಚದ ಅಂಚಿಗೆ ಬಂದು ಕೂತರು. ಎಸ್‌ಎಸ್‌ಡಿ ತೆಗೆದೆ, ಹಳೆಯದರ ವೈರು ಸಿಕ್ಕಿಸಿದೆ. ಮುಚ್ಚಳ ಹಾಕಲಿಲ್ಲ. ಬಟನ್ ಒತ್ತಿ, ಎಲ್ಲಿ ಕೂರುವುದೆಂದು ತಿಳಿಯದೆ ನಿಂತೆ. ಇವರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಕಂಪನಿಯ ಗುರುತು ಬಂತು. ಕೆಳಗೆ ಚುಕ್ಕಿಗಳು ಸುತ್ತತೊಡಗಿದವು. ಒಳಗೆ ಟಕ್... ಟಕ್.

ಆಮೇಲೆ ಇವರು ಒಬ್ಬರೇ ನಕ್ಕರು.

"ಒಬ್ಬ ನಿಲುವುಗನ್ನಡಿ ಹೊತ್ಕೊಂಡು ಬಸ್ ಹತ್ತಿದ್ದ. ಇಡೀ ಬಸ್ಸು ತಲೆ ಬಾಚ್ಕೊಂಡಿದ್ದೇ ಬಾಚ್ಕೊಂಡಿದ್ದು. ಅವ್ನು ಇಳಿಯೋವರೆಗೆ ಒಂದು ಜಗಳ ಇಲ್ಲ. ಇದನ್ನ ಹೇಳಿದ್ದಕ್ಕೆ, ದಿನಾ ಒಂದು ಕನ್ನಡಿ ಇಟ್ಕೊಂಡೇ ಬಸ್ ಓಡ್ಸು ಅಪ್ಪಾ ಅಂದ್ಲು."

"ಆಮೇಲೆ?"

"ನಿನ್ನ ಥರ ಮಾಡಿ ತೋರಿಸ್ತಿದ್ಲು. ಬಾಯಲ್ಲಿ ಸ್ಕ್ರೂ, ಒಂದು ಕಣ್ಣು ಮುಚ್ಚಿ... ಯಾರೂ ಉಸಿರು ಬಿಡ್ಬೇಡಿ!"

"ನಾನು ಹಾಗಂತೀನಾ?"

"ಮೊನ್ನೆನೂ ಅಂದೆ."

ಟಕ್ ಟಕ್ ಟಕ್. ಸದ್ದು ಬಿರುಸಾಯಿತು. ನನಗೆ ಆ ಸದ್ದು ಗೊತ್ತು. ಒಳಗಿನ ಮುಳ್ಳು ತಟ್ಟೆಯನ್ನು ಕೆರೆಯುತ್ತಿದೆ. ಈಗಲೇ ಆರಿಸಿದರೆ ಡಿಸ್ಕ್ ಇನ್ನೊಂದೆರಡು ದಿನ ಬಂದೀತು, ಬಿಟ್ಟರೆ ಇವತ್ತೇ ಕೊನೆ. ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ, ಅಯ್ಯೋ ಆರ್ಸಿ ಎಂದು ಕೂಗಿಕೊಂಡು ನಾನೇ ವೈರು ಕಿತ್ತಿರುತ್ತಿದ್ದೆ.

ಇವರು ಹೇಳುತ್ತಿದ್ದರು. "ಇನ್ನೊಂದಿನ ಅಂದ್ಲು, ನೋಡ್ತಿರಪ್ಪಾ, ಮನೇಲಿ ಎಲ್ಲಾ ಮುಗಿದ್ಮೇಲೆ ಅಮ್ಮ ನಿನ್ನನ್ನೇ ಬಿಚ್ತಾಳೆ. ಗೊರಕೆ ಪಾರ್ಟ್ ತೆಗೆದು ಹೊಸದು ಹಾಕ್ತಾಳೆ."

ನಗು ಬಂತು. ನಿಲ್ಲಲಿಲ್ಲ. ಇವರೂ ನಕ್ಕರು. ಕಣ್ಣೊರೆಸಿಕೊಂಡು ಇನ್ನೊಂದು ಹೇಳಿ ಎಂದೆ. ಅವಳಿಗೆ ಪರೀಕ್ಷೆಯಲ್ಲಿ ಪೆನ್ನು ಕೈಕೊಟ್ಟದ್ದು, ಹಿಂದಿನ ಬೆಂಚಿನವಳಿಂದ ಪೆನ್ಸಿಲ್ ಪಡೆದು ಅದರಲ್ಲೇ ಬರೆದು ಬಂದದ್ದು. ನನಗೆ ಗೊತ್ತೇ ಇರಲಿಲ್ಲ. ಚುಕ್ಕಿಗಳು ಸುತ್ತುತ್ತಲೇ ಇದ್ದವು. ಸ್ವಿಚ್ಚು ನನ್ನ ಕೈಗೆ ಎಟುಕುವಷ್ಟು ಹತ್ತಿರ.

ಆರಿಸಲಿಲ್ಲ.

ಕರ್ ಎಂದು ಒಂದು ಸಲ ಕೆರೆದು ಸದ್ದು ನಿಂತಿತು. ಪರದೆ ಕಪ್ಪಾಯಿತು. ಡಿಸ್ಕ್ ಇಲ್ಲ ಎಂದು ಬಿಳಿ ಅಕ್ಷರದ ಒಂದು ಸಾಲು.

"ಏನಂತೆ?"

"ಹೋಯ್ತು ರೀ."

ತಲೆಯಾಡಿಸಿದರು. ಅಷ್ಟು ಹೊತ್ತು ಇಬ್ಬರೂ ಆ ಮಂಚದ ಮೇಲೆ ಕೂತಿರಲೇ ಇಲ್ಲ, ಅವಳು ಹೋದ ಮೇಲೆ.

ಫೆಬ್ರವರಿ 25, ಮಧ್ಯಾಹ್ನ

ಬಿಡಿಭಾಗದ ಅಂಗಡಿ.

"ತಿರುಗೋ ಡಿಸ್ಕ್ ಕೊಡಪ್ಪ. ಹಳೇದು. ನಿಧಾನವಾಗಿರ್ಬೇಕು."

"ಡಾಕ್ಟ್ರಮ್ಮ, ಜನ ಎಲ್ಲಾ ಸ್ಪೀಡ್ ಕೇಳ್ಕೊಂಡ್ ಬರ್ತಾರೆ. ನಿಧಾನ ಬೇಕು ಅಂತ ಬಂದೋರು ನೀವೊಬ್ರೇ." ಆದರೂ ಮೂಲೆಯ ಪೆಟ್ಟಿಗೆಯಲ್ಲಿ ತಡಕಾಡಿ, ಒಂದೊಂದನ್ನೇ ಹಾಕಿ ನೋಡಿ, ಎಲ್ಲಕ್ಕಿಂತ ಮಂದವಾದದ್ದನ್ನು ಆರಿಸಿಕೊಟ್ಟ. "ಇದು ಆಮೆ. ಗ್ಯಾರಂಟಿ."

ಸಂಜೆ ಇವರ ಮುಂದೆ ಇಟ್ಟೆ. ಇದಕ್ಕೆ ಎಲ್ಲ ಪ್ರತಿ ಮಾಡುತ್ತೇನೆ, ರ‍್ಯಾಮ್ ಕೂಡ ತೆಗೆಯುತ್ತೇನೆ, ಮೊದಲಿನಷ್ಟೇ ಹೊತ್ತು ತೆಗೆದುಕೊಳ್ಳುವ ಹಾಗೆ ಮಾಡಬಲ್ಲೆ ಎಂದೆ.

ಡಿಸ್ಕನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿದರು.

"ಬೇಡ ಕಣೆ. ಅದು ನೀನು ಮಾಡಿದ್ ನಿಧಾನ ಆಗತ್ತೆ."

ವಾದ ಮಾಡಲಿಲ್ಲ. ನಿಜ ಹೇಳಿದರು.

ಫೆಬ್ರವರಿ 28

ಎಸ್‌ಎಸ್‌ಡಿಯನ್ನೇ ಮತ್ತೆ ಹಾಕಿ ಮುಚ್ಚಳ ಬಿಗಿದೆ. ಸಂಜೆ ಆರಕ್ಕೆ ನಾನೊಬ್ಬಳೇ ಹೋಗಿ ಮಂಚದ ಅಂಚಿಗೆ ಕೂತೆ. ಆನ್ ಮಾಡದೆ. ಹೀಗೇ ಕೂತರೆ ನನಗೂ ಏನಾದರೂ ನೆನಪಾಗಬಹುದೆಂದು. ಆ ಕೋಣೆಯಲ್ಲಿ ನಾನು ಅವಳ ಜೊತೆ ಕೂತದ್ದು ಒಂದೂ ನೆನಪಾಗಲಿಲ್ಲ. ಜ್ವರ ಬಂದಾಗ ಕೂತದ್ದು ಮಾತ್ರ. ಆಗ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ.

ಕತ್ತಲಾದ ಮೇಲೆ ಇವರು ಬಾಗಿಲವರೆಗೆ ಬಂದರು. ಒಳಗೆ ಬರಲಿಲ್ಲ.

ಮಾರ್ಚ್ 2, ಸಂಜೆ 6.20

ಅಂಗಡಿಗೆ ಅರ್ಧ ದಿನ ರಜೆ ಹೇಳಿ ಬಂದೆ, ತಲೆನೋವು. ಲ್ಯಾಪ್‌ಟಾಪಿನ ಕೀಲು ಕೂರಿಸಿದೆ. ಒಂದು ಸ್ಕ್ರೂ ಮಿಕ್ಕಿತು. ಎಲ್ಲಿಯದೋ ತಿಳಿಯುತ್ತಿಲ್ಲ.

ಇವರು ಇವತ್ತು ಹೊತ್ತಿಗೆ ಸರಿಯಾಗಿ ಬಂದರು. ಕೈಕಾಲು ತೊಳೆದು ನನ್ನ ಟೇಬಲ್ ಹತ್ತಿರ ನಿಂತರು. ಡಿಪೋದಲ್ಲಿ ಕೇಳಿ ಪಾಳಿ ಬದಲಾಯಿಸಿಕೊಂಡಿದ್ದಾರಂತೆ. ಇನ್ನು ಮಧ್ಯಾಹ್ನ ಹೋದರೆ ಬರುವುದು ರಾತ್ರಿಯೇ.

"ಈ ಹೊತ್ತಲ್ಲಿ ಮನೇಲಿ ಇರೋಕಾಗ್ತಿಲ್ಲ. ಬಸ್ ಮೇಲಿದ್ರೆ ಕಣ್ಣು ರೋಡಿನ ಮೇಲಿರತ್ತೆ."

"ನಾನಿರ್ತೀನಲ್ಲ ಮನೇಲಿ" ಎನ್ನಬಹುದಿತ್ತು. "ಸರಿ" ಎಂದೆ.

ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಮಿಕ್ಕಿದ ಸ್ಕ್ರೂ ಎತ್ತಿ ಬೆಳಕಿಗೆ ಹಿಡಿದರು. "ಇನ್ನೊಂದು ನೆನಪಾಯ್ತು ಕಣೆ. ಅವಳು ಒಂದಿನ..."

ಫೋನ್ ಬಂತು. ಡಿಪೋದಿಂದ, ಯಾವ ರೂಟ್ ಎಂದು ಹೇಳಲು. ಹೂಂ, ಹೂಂ, ಆಯ್ತು ಸಾರ್. ಇಟ್ಟರು.

"ಏನೋ ಹೇಳ್ತಿದ್ರಿ."

ನೆತ್ತಿ ಉಜ್ಜಿಕೊಂಡರು. ಅವಳ ಕೋಣೆಯ ಕಡೆ ನೋಡಿದರು. ಬಹಳ ಹೊತ್ತು ಕಾದೆ. ಕೈಯಲ್ಲಿ ಕೆಲಸ ಇರಲಿಲ್ಲ, ಸುಮ್ಮನೆ ಕಾದೆ.

"ಹೋಯ್ತು."

ನಾಳೆಯಿಂದ ಎರಡನೇ ಪಾಳಿ. ಊಟದ ಡಬ್ಬಿ ಹನ್ನೆರಡರೊಳಗೆ ಸಿದ್ಧವಿರಬೇಕು.