ಲೇಬಲ್ಲಿನ ಮೇಲಿದ್ದ ‘ಸೂದಿಂಗ್’

ಅಪ್ಪಯ್ಯಗೆ, ಆಸ್ಪತ್ರೆಯ ಜಗಲಿಯಲ್ಲಿ ಕೂತು ನಿನ್ನ ಮಗ ಶಿವಲಿಂಗ ಬರೆಯುವುದು. ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಹೋದ ಬೇಸಿಗೆ ನಾನು ಹೊನ್ನಾಳಿ ಹಾಸ್ಟೆಲಿನಿಂದ ನ್ಯಾಮತಿಗೆ ರಜೆಗೆ ಬಂದಾಗ ನೀನು ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಪಕ್ಕದ ಮನೆ ರುದ್ರಣ್ಣ ದಾವಣಗೆರೆಯಿಂದ ಔಷಧಿ ಬಾಟ್ಲಿ ತಂದಿದ್ದ. “ಏನಂತ ಬರದೈತೆ ಓದೋ, ಇಂಗ್ಲಿಷ್ ಸಾಹೇಬ” ಅಂದ. ಪಡಸಾಲೆ ತುಂಬ ಜನ. ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ ‘ಸೂದಿಂಗ್’ ಅಂತಿತ್ತು. ಅರ್ಥ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆ. “ವಾಸಿ ಮಾಡ್ತೈತಂತೆ” ಅಂದುಬಿಟ್ಟೆ. “ಮಗನ್ನ ಓದಿಸಿದ್ದು ಸಾರ್ಥಕಾತು, ಇನ್ಯಾಕೆ ಆಸ್ಪತ್ರೆ?” ಎಂದು ನೀನು ನಕ್ಕೆ. ಕುಡಿದಾಗೆಲ್ಲ ನೋವು ಅಡಗುತ್ತಿತ್ತು. ಆಸ್ಪತ್ರೆಗೆ ಹೋಗುವುದು ನಾಳೆ, ನಾಡಿದ್ದು ಅಂತ ಮುಂದೆ ಹೋಯಿತು. ಆರನೆಯ ದಿನ ನೀನು ಹೋಗಿಬಿಟ್ಟೆ.

ಮೊನ್ನೆ ಕಾಲೇಜಿನಲ್ಲಿ ಲೆಕ್ಚರರು ಅದೇ ಪದವನ್ನು ಬೋರ್ಡಿನ ಮೇಲೆ ಬರೆದರು. ಅಡ್ಜೆಕ್ಟಿವ್. ಅಳುವ ಕೂಸಿನ ಬೆನ್ನು ತಟ್ಟುವ ಕೈ ಸೂದಿಂಗ್, ಸುಟ್ಟ ಬೆರಳಿಗೆ ಹಚ್ಚಿದ ಬೆಣ್ಣೆ ಸೂದಿಂಗ್. “ನೋವನ್ನು ತಣಿಸುತ್ತದೆ, ರೋಗವನ್ನು ಕಳೆಯುವುದಿಲ್ಲ. ನೀವೊಂದು ಸೆಂಟೆನ್ಸ್ ಹೇಳ್ರಿ” ಎಂದು ನನ್ನತ್ತ ಕೈ ತೋರಿಸಿದರು. ಎದ್ದು ನಿಂತೆ, ಅಷ್ಟೇ. “ಏನ್ರೀ, ನಿಂತಲ್ಲೇ ನಿದ್ದೆನಾ?” ಅಂದರು. ಕ್ಲಾಸೆಲ್ಲ ನಕ್ಕಿತು. ಯಾವ ಸೆಂಟೆನ್ಸ್ ಹೇಳಲಿ, ಅಪ್ಪಯ್ಯ?

ನಿನ್ನೆ ಬೆಳಿಗ್ಗೆ ಅವ್ವ ರುದ್ರಣ್ಣನ ಕೈಲಿ ಬರೆಸಿದ ಕಾರ್ಡು ಬಂತು. ತಂಗಿ ಗಿರಿಜೆಗೆ ಹೊಟ್ಟೆನೋವು, ನಿನಗೆ ಬಂದ ಜಾಗದಲ್ಲೇ. “ನೀ ಓದಿ ಹೇಳಿದ್ದ ಬಾಟ್ಲೀಲಿ ಅರ್ಧ ಉಳದಿತ್ತು, ಅದನ್ನೇ ಕುಡಸ್ತಾ ಇದೀನಿ, ಗಾಬರಿ ಬ್ಯಾಡ.” ಸಿಕ್ಕ ಬಸ್ಸು ಹತ್ತಿ ಊರಿಗೆ ಓಡಿದೆ. ಬಾಟ್ಲಿ ಕಸಿದು ಅಂಗಳಕ್ಕೆ ಚೆಲ್ಲಿದೆ. “ನಿಂಗೇನು ಹುಚ್ಚು ಹಿಡದೈತೇನೋ!” ಎಂದು ಅವ್ವ ಕಿರುಚಿದಳು. ಸಂಜೆಯೊಳಗೆ ಗಿರಿಜೆಯನ್ನು ಶಿವಮೊಗ್ಗೆಗೆ ತಂದೆವು.

ಇವತ್ತು ಬೆಳಿಗ್ಗೆ ಡಾಕ್ಟರು ಹೊರಗೆ ಬಂದು, “ಇನ್ನೊಂದು ದಿನ ನೋವು ಅಡಗಿಸಿಕೊಂಡು ಕೂತಿದ್ರೆ ಕೈಮೀರ್ತಿತ್ತು. ಸರಿಯಾದ ಹೊತ್ತಿಗೆ ತಂದ್ರಿ” ಎಂದರು. ಗಿರಿಜೆ ಬದುಕುತ್ತಾಳೆ, ಅಪ್ಪಯ್ಯ. ಅವ್ವ ಅವರಿಗೆ ಕೈ ಮುಗಿದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು. ಈಗಷ್ಟೇ ಕೇಳಿದಳು: “ಹಂಗಾರೆ ನಿಮ್ಮಪ್ಪಗೆ ಕುಡಿಸಿದ್ದು ವಾಸಿ ಮಾಡೋ ಔಷಧಿ ಅಲ್ಲೇನೋ?”

ಪಕ್ಕದಲ್ಲೇ ಕೂತಿದ್ದಾಳೆ. ಈ ಕಾಗದ ಮಡಚಿದ ಕೂಡಲೇ ಎಲ್ಲ ಹೇಳುತ್ತೇನೆ. ಭಯವಾಗುತ್ತಿದೆ, ಅಪ್ಪಯ್ಯ. ಮಡಚುತ್ತಿದ್ದೇನೆ.